ದಾನಿಗಳ ಪಟ್ಟಿಯ ಬೀಗ

ಮಣ್ಣಗುಡ್ಡ, ಮಂಗಳೂರು
11 ಜನವರಿ 1988

ಪ್ರೀತಿಯ ಮನೋರಮಾ,

ನಿನ್ನ ಹೊಸ ವರ್ಷದ ಕಾರ್ಡು ಬಂತು. ನಮ್ಮ ರಕ್ತದಾನ ಕೇಂದ್ರದಲ್ಲಿ ಎಲ್ಲರಿಗೂ ತೋರಿಸಿದೆ. ಡಾಕ್ಟರಿಗೆ ನೀನು ಬೇರೆಯೇ ಒಂದು ಕಳಿಸಿದ್ದೀಯೆಂದು ಆಮೇಲೆ ಗೊತ್ತಾಯಿತು. ಅದು ನನ್ನದಕ್ಕಿಂತ ದೊಡ್ಡದು.

ಕಂಪ್ಯೂಟರಿನ ಸುದ್ದಿ ನಿನಗೆ ನನಗಿಂತ ಮೊದಲೇ ಗೊತ್ತಿರಬೇಕು. ಮೊನ್ನೆ ವಿಠಲ ಡಾಕ್ಟರು ನಮ್ಮನ್ನೆಲ್ಲ ಕರೆದು ಹೇಳಿದರು, "ಇನ್ನು ರಕ್ತದಾನಿಗಳ ಪಟ್ಟಿ ಕಪಾಟಿನಲ್ಲಿ ಇರುವುದಿಲ್ಲ. ಉಳ್ಳಾಲದ ಹೆರಿಗೆ ಆಸ್ಪತ್ರೆಯವರು ಅಲ್ಲಿಂದಲೇ ನೋಡಬಹುದು. ನಮ್ಮ ಮನೋರಮಾ ಬಂದು ಎಲ್ಲ ಮಾಡಿಕೊಡ್ತಾಳೆ." ನಮ್ಮ ಮನೋರಮಾ! ಮೂರು ವರ್ಷದ ಹಿಂದೆ ಕೇಂದ್ರದಿಂದ ಕಂಪ್ಯೂಟರ್ ಕೋರ್ಸಿಗೆಂದು ಬೊಂಬಾಯಿಗೆ ಹೋದವಳು ಅಲ್ಲೇ ಕೆಲಸಕ್ಕೆ ಸೇರಿದಾಗ ಇದೇ ಬಾಯಿಯಲ್ಲಿ, "ಅವಳು ಇನ್ನು ನಮ್ಮವಳಲ್ಲ ಬಿಡಿ" ಎಂದಿದ್ದರು.

ಆ ಕೋರ್ಸಿಗೆ ನಾನೂ ಅರ್ಜಿ ಹಾಕಿದ್ದೆ. ಮರೆತಿರಲಿಕ್ಕಿಲ್ಲ ನೀನು. ನಿನಗಿಂತ ನಾಲ್ಕು ವರ್ಷ ಮೊದಲು ಸೇರಿದವಳು ನಾನು, ಇಂಗ್ಲಿಷ್ ಟೈಪಿಂಗಿನಲ್ಲಿ ನಿನಗಿಂತ ವೇಗ. "ಶಶಿಪ್ರಭಾ ಹೋದರೆ ದಾನಿಗಳ ಕಾರ್ಡುಗಳನ್ನು ಯಾರು ನೋಡ್ತಾರೆ?" ಎಂದು ನಿನ್ನನ್ನು ಕಳಿಸಿದರು. ಕೆಲಸ ಚೆನ್ನಾಗಿ ಬರುವವಳು ಕೆಲಸದ ಹತ್ತಿರವೇ ಕೂರಬೇಕು. ಇರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ನಿನ್ನ ಭಾಗ್ಯ.

ಯಂತ್ರಕ್ಕೆ ಸೆಕೆ ಆಗಬಾರದಂತೆ. ಕೋಣೆಗೆ ಏಸಿ ಹಾಕಿಸುತ್ತಿದ್ದಾರೆ. ನಾನು ಒಂದು ಫ್ಯಾನಿಗೆ ಎಷ್ಟು ವರ್ಷದಿಂದ ಕೇಳುತ್ತಿದ್ದೇನೆಂದು ನಿನಗೆ ಗೊತ್ತು.

ಕುಲಶೇಖರದ ನಿಮ್ಮ ಮನೆಗೆ ಹೋಗಿದ್ದೆ, ನಿನ್ನ ಅಮ್ಮ ಸೌಖ್ಯ. ಎದ್ದರೆ ಕೂತರೆ ನಿನ್ನದೇ ಮಾತು.

ನಿನ್ನ
ಶಶಿಯಕ್ಕ


ದಾದರ್, ಬೊಂಬಾಯಿ
25 ಜನವರಿ 1988

ಪ್ರೀತಿಯ ಶಶಿಯಕ್ಕ,

ದೊಡ್ಡ ಕಾರ್ಡು ನಮ್ಮ ಕಂಪ್ಯೂಟರ್ ಕಂಪನಿಯದ್ದು. ಎಲ್ಲ ಗಿರಾಕಿಗಳಿಗೂ ಹೋಗುತ್ತದೆ. ನಿಮ್ಮದನ್ನು ಅಂಗಡಿಯಲ್ಲಿ ಆರಿಸಿ ತಂದದ್ದು ನಾನು.

ನಾನು ಮಾರ್ಚ್ ಎರಡನೇ ವಾರ ಬರುತ್ತೇನೆ, ಮೂರು ವಾರ ಇರುತ್ತೇನೆ. ಏನು ಮಾಡಲಿದ್ದೇವೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅರ್ಧ ಕೆಲಸ ನಿಮ್ಮದು. ಪಟ್ಟಿ ಮಂಗಳೂರಿನ ಯಂತ್ರದಲ್ಲೇ ಇರುತ್ತದೆ. ಉಳ್ಳಾಲದಲ್ಲಿ ಒಂದು ಪರದೆ, ಒಂದು ಕೀಲಿಮಣೆ, ಅಷ್ಟೆ. ನಡುವೆ ನಮ್ಮ ಮಾಮೂಲಿ ಟೆಲಿಫೋನ್ ಲೈನು. ಲೈನಿನ ಎರಡು ಕಡೆಗೂ ಮೋಡೆಮ್ ಎಂಬ ಒಂದೊಂದು ಪೆಟ್ಟಿಗೆ. ಈ ಕಡೆ ಅಕ್ಷರಗಳನ್ನು ಶಬ್ದ ಮಾಡಿ ಕಳಿಸುತ್ತದೆ, ಆ ಕಡೆಯದು ಶಬ್ದವನ್ನು ಪುನಃ ಅಕ್ಷರ ಮಾಡುತ್ತದೆ. ಯಂತ್ರ ಕೆಟ್ಟರೆ ನಾನೂ ಇಲ್ಲಿಂದ ಅದೇ ದಾರಿಯಲ್ಲಿ ಒಳಗೆ ಬಂದು ಸರಿಮಾಡಬಹುದು.

ಆದರೆ ದಾರಿಯಿದ್ದ ಮೇಲೆ ಯಾರೂ ಬರಬಹುದಲ್ಲ? ನನಗೆ ಅದೇ ಚಿಂತೆ. ಫೋನ್ ನಂಬರು ಗೊತ್ತಿದ್ದವನು, ಕಂಪ್ಯೂಟರ್ ಇದ್ದವನು, ಯಾರೇ ಆದರೂ ಬಾಗಿಲವರೆಗೆ ಬರಬಲ್ಲ. ಒಳಗೆ ಬಿಡಲಿಕ್ಕೆ ಹೆಸರು ಕೇಳಬೇಕು, ಪಾಸ್‌ವರ್ಡ್ ಕೇಳಬೇಕು. ಅದರ ಮೇಲೆ ಇನ್ನೂ ಒಂದು ವ್ಯವಸ್ಥೆ ಉಂಟು: ಯಾರಾದರೂ ಕರೆದು ಪಾಸ್‌ವರ್ಡ್ ಹೇಳಿದ ಕೂಡಲೇ ಯಂತ್ರ ಫೋನ್ ಇಟ್ಟುಬಿಡುತ್ತದೆ. ಆಮೇಲೆ ತನಗೆ ಮೊದಲೇ ಗೊತ್ತಿರುವ ನಂಬರಿಗೆ ತಾನಾಗಿ ಕರೆಮಾಡುತ್ತದೆ. ಉಳ್ಳಾಲದವರು ಎಂದು ಸುಳ್ಳು ಹೇಳಿ ಬೇರೆಲ್ಲಿಂದ ಕರೆದರೂ ಉಳ್ಳಾಲದ ಫೋನೇ ರಿಂಗಾಗುತ್ತದೆ. ಅದಕ್ಕೆ ಬೇರೆಯೇ ಒಂದು ಪೆಟ್ಟಿಗೆ ಬೇಕು, ತರಿಸಲಿಕ್ಕೆ ಬರೆದಿದ್ದೇವೆ, ಇನ್ನೂ ಬಂದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಕಾರ್ಡಿನ ಮೂಲೆಯಲ್ಲಿ ನೀವು ಕೆಂಪು ಪೆನ್ಸಿಲಿನಲ್ಲಿ ಹಾಕುವ ಗುರುತುಗಳು ನಿಮಗೆ ಮಾತ್ರ ಅರ್ಥವಾಗುವಂಥವು. ಅವು ಯಂತ್ರಕ್ಕೆ ಹೋಗದಿದ್ದರೆ ಪಟ್ಟಿಗೆ ಜೀವವಿಲ್ಲ. ನನಗೆ ಹೇಳಿಕೊಡುತ್ತೀರಲ್ಲ?

ಇಲ್ಲಿ ಕೋಣೆಯಲ್ಲಿ ನಾವು ಐದು ಜನ. ತುಳು ಮಾತಾಡಲಿಕ್ಕೆ ಯಾರೂ ಇಲ್ಲ.

ನಿಮ್ಮ
ಮನೋರಮಾ


ಮಣ್ಣಗುಡ್ಡ
4 ಏಪ್ರಿಲ್ 1988

ಪ್ರೀತಿಯ ಮನೋರಮಾ,

ನೀನು ಹೊರಟ ಮರುದಿನ ಪೇಪರಿನಲ್ಲಿ ಫೋಟೋ ಬಂತು. ನೀನು ಕೂತಿದ್ದೀ, ಡಾಕ್ಟರು ನಿಂತಿದ್ದಾರೆ. ನಿನ್ನ ಎಡಬದಿಯಲ್ಲಿ ಒಂದು ಮೊಣಕೈ ಕಾಣುತ್ತದೆ, ಅದು ನನ್ನದು. ಹಸಿರು ಬಳೆಯಿಂದ ಗುರುತು ಹಿಡಿದೆ. ನನ್ನ ಅಮ್ಮ ಅದನ್ನು ಕತ್ತರಿಸಿ ಇಡಲಿಕ್ಕೆ ಹೊರಟರು. "ಎಂತಕ್ಕೆ ಅಮ್ಮ, ಮೊಣಕೈಗೆ ಫ್ರೇಮ್ ಹಾಕಿಸ್ತೀರಾ?" ಎಂದೆ. ಕತ್ತರಿ ಕೆಳಗಿಟ್ಟರು.

ಬೇಸರಪಟ್ಟುಕೊಳ್ಳಬೇಡ, ಒಂದು ಮಾತು ಬರೆಯುತ್ತೇನೆ. ಎರಡು ಸಾವಿರದ ಆರುನೂರು ಕಾರ್ಡು. ಯಾರ ಮನೆಗೆ ಯಾವ ಹೊತ್ತಿಗೆ ಹೋಗಬೇಕು, ಯಾರ ಹೆಂಡತಿಗೆ ಗೊತ್ತಾಗಬಾರದು, ಯಾರು ಸೂಜಿ ಕಂಡರೆ ತಲೆ ತಿರುಗಿ ಬೀಳ್ತಾರೆ, ಯಾರ ರಕ್ತ ಇನ್ನು ತೆಗೆಯಬಾರದು, ಎಲ್ಲ ಹತ್ತು ವರ್ಷದಿಂದ ನನ್ನ ತಲೆಯಲ್ಲಿತ್ತು. ಹತ್ತೊಂಬತ್ತು ದಿನ ನೀನು ಕೇಳುತ್ತ ಹೋದೆ, ನಾನು ಹೇಳುತ್ತ ಹೋದೆ. ಈಗ ನನ್ನ ಹತ್ತಿರ ಎಂತ ಉಳಿದಿದೆ? ಮೊನ್ನೆ ಉಳ್ಳಾಲದ ನರ್ಸು ಫೋನ್ ಮಾಡಿ, "ಶಶಿಯಕ್ಕ, ಇನ್ನು ನಿಮಗೆ ಉಪದ್ರ ಇಲ್ಲ, ನಮಗೆ ಇಲ್ಲಿಯೇ ಕಾಣ್ತದೆ" ಎಂದಳು. ಸಂತೋಷದಿಂದಲೇ ಹೇಳಿದಳು, ಪಾಪ.

ನೀನು ಡಾಕ್ಟರ ಕುರ್ಚಿಯಲ್ಲಿ ಕೂತು ಕೆಲಸ ಮಾಡುವಾಗ ಅವರೇ ನಿನಗೆ ಚಹಾ ತಂದುಕೊಟ್ಟರು. ನೀನು ತಲೆಯೆತ್ತಿಯೂ ನೋಡಲಿಲ್ಲ, ಪರದೆ ನೋಡುತ್ತಲೇ ಕುಡಿದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹೊತ್ತು ನನಗೆ ಆದದ್ದನ್ನು ಬರೆಯಲಿಕ್ಕೆ ಬರುವುದಿಲ್ಲ.

ನನ್ನ ಚಿಕ್ಕಮ್ಮನ ಮಗ ತಾರಾನಾಥ ನಿನಗೆ ಗೊತ್ತುಂಟಲ್ಲ, ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು. ಈ ಕೆಲಸಕ್ಕೆ ಅವನೂ ಕೇಳಿದ್ದ, ಡಾಕ್ಟರು ನಿನ್ನ ಕಂಪನಿಗೆ ಕೊಟ್ಟರು. "ಬೊಂಬಾಯಿಯವರು ಅಂದರೆ ಸಾಕು ಮಾರಾಯ್ತಿ, ಇಲ್ಲಿಯವರು ಕಣ್ಣಿಗೇ ಕಾಣುವುದಿಲ್ಲ" ಎಂದ. ಅವನು ಹೇಳಿದ್ದು ಸುಳ್ಳೆಂದು ನನಗೆ ಅನಿಸಲಿಲ್ಲ.

ಶಶಿಪ್ರಭಾ


ದಾದರ್
20 ಏಪ್ರಿಲ್ 1988

ಪ್ರೀತಿಯ ಶಶಿಯಕ್ಕ,

ಚಹಾದ ವಿಷಯ ನನಗೆ ನೆನಪೇ ಇಲ್ಲ. ಆ ದಿನ ಲೈನು ಆರು ಸಲ ಕಡಿದುಹೋಗಿತ್ತು. ಆಗದಿದ್ದರೆ ಕಂಪನಿಯಲ್ಲಿ ನನ್ನ ಮುಖ ತೋರಿಸುವ ಹಾಗಿರಲಿಲ್ಲ. ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸಿದ್ದು ತಪ್ಪಾಯಿತು ಎನ್ನಲಿಕ್ಕೆ ಇಲ್ಲಿ ಮೂವರು ಕಾದು ಕೂತಿದ್ದರು.

ಫೋಟೋಗ್ರಾಫರನಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ. ಕ್ಷಮಿಸಿ.

ಈಗ ಗಟ್ಟಿಯಾಗಿ ಒಂದು ಮಾತು. ತಿರುಗಿ ಕರೆಮಾಡುವ ಪೆಟ್ಟಿಗೆ ಜುಲೈಗೆ ಮೊದಲು ಬರುವುದಿಲ್ಲವಂತೆ. ಅದು ಬಂದಮೇಲೆಯೇ ಶುರು ಮಾಡೋಣವೆಂದು ನಾನು ಡಾಕ್ಟರಿಗೆ ಹೇಳಿದ್ದೆ. ಅವರಿಗೆ ಆತುರ, ನನಗೂ ಹಟ ಹಿಡಿಯುವ ಧೈರ್ಯ ಬರಲಿಲ್ಲ. ಅಲ್ಲಿಯವರೆಗೆ ಪಾಸ್‌ವರ್ಡ್ ಒಂದೇ ಬೀಗ. ಡಾಕ್ಟರಿಗೆ ಒಂದು, ಉಳ್ಳಾಲದವರಿಗೆ ಒಂದು, ನನಗೆ ಒಂದು, ನಿಮಗೆ ಒಂದು. ಉಳ್ಳಾಲದವರಿಗೆ ಹೆಸರು, ರಕ್ತದ ಗುಂಪು, ಫೋನು ಮಾತ್ರ ಕಾಣುತ್ತದೆ. 'ತೆಗೆಯಬಾರದು' ಎಂಬ ಗುರುತು, ಅದರ ಕಾರಣ ಕಾಣುವುದು ಡಾಕ್ಟರಿಗೆ ಮತ್ತು ನಿಮಗೆ. ನನಗೂ ಇಲ್ಲ, ಅದಕ್ಕೇ ಆ ಭಾಗವನ್ನು ನಿಮ್ಮ ಕೈಯಿಂದಲೇ ಹೊಡೆಸಿದೆ. ಅದು ನಾನೇ ಬೇಕೆಂದು ಮಾಡಿದ್ದು. ಜನ ಅದನ್ನು ಹೇಳಿದ್ದು ನಿಮ್ಮ ಹತ್ತಿರ, ನನ್ನ ಹತ್ತಿರ ಅಲ್ಲ.

ನಿಮ್ಮ
ಮನೋರಮಾ


ಮಣ್ಣಗುಡ್ಡ
13 ಜೂನ್ 1988

ಮನೋರಮಾ,

ಕೆಟ್ಟ ಸುದ್ದಿ. ಡಾಕ್ಟರು ನಿನ್ನ ಕಂಪನಿಗೆ ಬರೆದಿರಬಹುದು. ನಾನೂ ಬರೆಯುತ್ತಿದ್ದೇನೆ.

ಪಟ್ಟಿ ಹೊರಗೆ ಹೋಗಿದೆ. ಅದರಲ್ಲಿಯೂ ರಕ್ತ ತೆಗೆಯಬಾರದವರ ಪಟ್ಟಿ, ನಲವತ್ತೊಂದು ಹೆಸರು. ಉಳ್ಳಾಲದ ಅಯ್ಯೂಬ್ ಎಂಬವನು ನಿನಗೆ ಗೊತ್ತಿಲ್ಲ, ಬೋಟಿನ ಎಂಜಿನ್ ರಿಪೇರಿ ಮಾಡುವವನು. ನಾಲ್ಕು ಸಲ ರಕ್ತ ಕೊಟ್ಟಿದ್ದ. ಐದನೇ ಸಲ ಬಂದಾಗ, "ಚಿಕ್ಕವನಿರುವಾಗ ಕಾಮಾಲೆ ಆಗಿತ್ತು ಅಕ್ಕ, ಹೇಳಬೇಕಿತ್ತಾ?" ಎಂದು ಅವನೇ ಕೇಳಿದ. ಡಾಕ್ಟರು ಇನ್ನು ತೆಗೆಯುವುದು ಬೇಡ ಎಂದರು. ಆಳು ಗಟ್ಟಿಮುಟ್ಟಾಗಿದ್ದಾನೆ, ಏನೂ ತೊಂದರೆಯಿಲ್ಲ. ಬರೇ ನಿಯಮ. ಈಗ ಅವನ ರಕ್ತ ಕೆಟ್ಟದ್ದು, ಅವನಿಗೆ ಆ ಹೊಸ ಏಡ್ಸ್ ರೋಗ ಉಂಟು ಎಂದು ಊರೆಲ್ಲ ಮಾತು. ಅವನಿಗೆ ನಿಶ್ಚಯವಾಗಿದ್ದ ಹುಡುಗಿಯ ಮನೆಯವರು ಸಂಬಂಧ ಮುರಿದರು.

ಅವನ ತಾಯಿ ಕೇಂದ್ರಕ್ಕೆ ಬಂದು ಡಾಕ್ಟರ ಎದುರು ಕೂಗಿದರು. "ನನ್ನ ಮಗ ನಿಮಗೆ ರಕ್ತ ಕೊಟ್ಟದ್ದು. ನೀವು ಅವನಿಗೆ ಎಂತ ಕೊಟ್ಟಿರಿ?" ಡಾಕ್ಟರು ಎದ್ದು ಅವರಿಗೆ ಕುರ್ಚಿ ಎಳೆದುಕೊಟ್ಟರು. ಆಮೇಲೆ ನನ್ನನ್ನು ಕರೆದು, "ಕಪಾಟಿನಲ್ಲಿ ಇರುವಾಗ ಹತ್ತು ವರ್ಷ ಏನೂ ಆಗಲಿಲ್ಲ ಶಶಿಪ್ರಭಾ" ಎಂದರು.

ನೀನು ಬಾಗಿಲು ಸರಿಯಾಗಿ ಹಾಕಲಿಲ್ಲವೇನೋ. ಪೆಟ್ಟಿಗೆ ಬರುವ ಮೊದಲೇ ಶುರು ಮಾಡಿದ್ದು ತಪ್ಪೆಂದು ನೀನೇ ಬರೆದಿದ್ದೀಯಲ್ಲ.

ಶಶಿಪ್ರಭಾ


ದಾದರ್
24 ಜೂನ್ 1988

ಶಶಿಯಕ್ಕ,

ಡಾಕ್ಟರಿಗೆ ಬರೆದಿದ್ದೇನೆ, ತಪ್ಪು ನನ್ನದು, ಎರಡನೇ ಬೀಗ ಬರುವ ಮೊದಲು ಬಾಗಿಲು ತೆಗೆಯಬಾರದಿತ್ತು ಎಂದು. ಕಂಪನಿಯವರು ನನ್ನನ್ನು ಈ ಕೆಲಸದಿಂದ ಬದಲಾಯಿಸುವ ಮಾತಾಡುತ್ತಿದ್ದಾರೆ. ಬದಲಾಯಿಸಲಿ.

ನಿಮಗೆ ಒಂದು ವಿಷಯ ನಾನು ಹೇಳಿರಲಿಲ್ಲ, ಹೇಳಬೇಕೆಂದು ತೋಚಿರಲಿಲ್ಲ. ಯಾರು ಒಳಗೆ ಬಂದರು, ಯಾವ ಹೊತ್ತಿಗೆ ಬಂದರು, ಏನು ತೆಗೆದು ನೋಡಿದರು ಎಂದು ಯಂತ್ರ ಬರೆದಿಡುತ್ತದೆ. ಮೊನ್ನೆ ಇಲ್ಲಿಂದ ಲೈನು ಹಿಡಿದು ಅದನ್ನು ಓದಿದೆ. ಮೇ 31, ಮಧ್ಯಾಹ್ನ 3 ಗಂಟೆ 10 ನಿಮಿಷ. ಹೊರಗಿನ ಫೋನಿನಿಂದ ಬಂದವರು ಇಪ್ಪತ್ತು ನಿಮಿಷ ಇದ್ದರು. ಪಾಸ್‌ವರ್ಡ್ ಒಂದು ಸಲಕ್ಕೇ ಸರಿಯಾಗಿ ಹೊಡೆದಿದ್ದಾರೆ. ಹೆಸರು ನಿಮ್ಮದು.

ಆ ದಿನ ನೀವು ಸುರತ್ಕಲ್ಲಿನ ರಕ್ತದಾನ ಶಿಬಿರದಲ್ಲಿದ್ದಿರಿ. ಬಂದ ದಾನಿಗಳ ಹೆಸರನ್ನು ಮರುದಿನ ನೀವೇ ಏರಿಸಿದ್ದೀರಿ, ಅದೂ ಅಲ್ಲಿ ಉಂಟು.

ಆ ಪುಟವನ್ನು ನಾನು ಡಾಕ್ಟರಿಗೆ ಕಳಿಸಿಲ್ಲ. ನಿಮ್ಮನ್ನು ಏನೂ ಕೇಳುವುದೂ ಇಲ್ಲ.

ಮನೋರಮಾ


ಮಣ್ಣಗುಡ್ಡ
3 ಜುಲೈ 1988

ಮನೋರಮಾ,

ನೀನು ಬೈದಿದ್ದರೆ ನಾನೂ ಬೈಯುತ್ತಿದ್ದೆ. ನೀನು ಏನೂ ಕೇಳುವುದಿಲ್ಲ ಎಂದು ಬರೆದೆ. ನಾಲ್ಕು ದಿನ ಕಾಗದವನ್ನು ಬ್ಯಾಗಿನಲ್ಲಿ ಹಾಕಿಕೊಂಡು ತಿರುಗಿದೆ.

ಪಾಸ್‌ವರ್ಡ್ ನಾನೇ ಕೊಟ್ಟದ್ದು, ತಾರಾನಾಥನಿಗೆ. "ಒಂದೇ ಸಲ ಒಳಗೆ ಹೋಗಿ ತೋರಿಸ್ತೇನೆ ಶಶಿಯಕ್ಕ. ಡಾಕ್ಟರಿಗೆ ಗೊತ್ತಾಗಲಿ, ನಿಮ್ಮ ಬೊಂಬಾಯಿಯವಳ ಬೀಗ ಎಷ್ಟು ಗಟ್ಟಿ ಉಂಟು ಅಂತ. ಯಾರಿಗೂ ಎಂತ ಆಗ್ಲಿಕ್ಕಿಲ್ಲ" ಎಂದ. ಅವನು ಮೋಸ ಮಾಡಿದ ಎಂದು ಹೇಳುವ ಹಾಗಿಲ್ಲ. ಅವನು ಮೂರು ಸಲ ಕೇಳಿದ್ದ, ಎರಡು ಸಲ ಇಲ್ಲ ಎಂದಿದ್ದೆ. ಮೂರನೆಯ ಸಲ ಕೇಳಿದ್ದು ಡಾಕ್ಟರು ತಮಗೆ ಬಂದ ನಿನ್ನ ಕಾಗದವನ್ನು ಹೊಗಳುತ್ತ ಎಲ್ಲರಿಗೂ ಓದಿಹೇಳಿದ ದಿನ. ಬಸ್ ಸ್ಟಾಪಿನಲ್ಲಿ ನಿಂತು, ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಒಂದು ರೀತಿಯ ಸಮಾಧಾನವೇ ಆಯಿತು, ಅದನ್ನೂ ಬರೆಯಬೇಕಲ್ಲ.

ಅವನು ಡಾಕ್ಟರಿಗೆ ತೋರಿಸಲಿಕ್ಕೆಂದು ಕಾಗದದಲ್ಲಿ ಅಚ್ಚು ಹೊಡೆದ. ಯಾರೂ ನೋಡಬಾರದ್ದನ್ನೇ ಹೊಡೆದರೆ ಹೆಚ್ಚು ತಾಗುತ್ತದೆ ಎಂದು ಆ ನಲವತ್ತೊಂದು ಹೆಸರು. ಅದು ಕ್ಲಾಸಿನ ಮೇಜಿನ ಮೇಲೆ ಉಳಿಯಿತು. ಕ್ಲಾಸಿಗೆ ಬರುವವರಲ್ಲಿ ಅಯ್ಯೂಬನಿಗೆ ನಿಶ್ಚಯವಾಗಿದ್ದ ಆ ಹುಡುಗಿಯ ಸೋದರಮಾವ ಮೂಸಬ್ಬರೂ ಒಬ್ಬರು. ಅಷ್ಟೇ ನಡೆದದ್ದು.

ಶುಕ್ರವಾರ ಡಾಕ್ಟರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. "ಯಾಕೆ?" ಎಂದು ಕೇಳಿದರು. "ಹೊಟ್ಟೆಕಿಚ್ಚು" ಎಂದೆ. ಆ ಶಬ್ದ ಬಾಯಿಯಿಂದ ಹೊರಡಲಿಕ್ಕೆ ಎಷ್ಟು ಹೊತ್ತು ಬೇಕಾಯಿತು ಗೊತ್ತುಂಟಾ? ಅವರು ಕನ್ನಡಕ ತೆಗೆದು ಒರೆಸಿದರು. "ಕೆಲಸದಿಂದ ತೆಗೆಯುವುದಿಲ್ಲ. ಇನ್ನು ಯಂತ್ರ ಮುಟ್ಟುವುದು ಬೇಡ" ಎಂದರು. ನನ್ನ ಹೆಸರು ಅದರೊಳಗೆ ಈಗ ಇಲ್ಲ. ನಿನ್ನ ಕಂಪನಿಗೂ ತಪ್ಪು ನಿನ್ನದಲ್ಲವೆಂದು ಬರೆದಿದ್ದಾರೆ, ನನ್ನ ಎದುರೇ ಟೈಪ್ ಮಾಡಿಸಿದರು. ಟೈಪ್ ಮಾಡಿದ್ದು ನಾನು.

ನಿನ್ನೆ ಡಾಕ್ಟರೂ ನಾನೂ ಉಳ್ಳಾಲಕ್ಕೆ ಹೋದೆವು. ಅಯ್ಯೂಬನ ಒಪ್ಪಿಗೆ ಕೇಳಿ, ಹುಡುಗಿಯ ಮನೆಯಲ್ಲಿ ಡಾಕ್ಟರು ಅರ್ಧ ಗಂಟೆ ವಿವರಿಸಿದರು. ನಾನು ಪಾಸ್‌ವರ್ಡ್ ಕೊಟ್ಟದ್ದು ನಾನೇ ಎಂದು ಹೇಳಿದೆ. ಮೂಸಬ್ಬ ಕೇಳಿಸಿಕೊಂಡರು, ಚಹಾ ಕೊಟ್ಟರು. "ನಿಮ್ಮ ಮಾತು ಸತ್ಯ ಇರಬಹುದು. ಹುಡುಗಿಗೆ ಬೇರೆ ಕಡೆ ಮಾತಾಗಿದೆ" ಎಂದರು.

ಅಲ್ಲಿಂದ ಅಯ್ಯೂಬನ ಮನೆಗೆ ಹೋಗಿ ಅದನ್ನು ತಿಳಿಸಿದೆವು, ಹೊರಡುವಾಗ ಅವನು ಗೇಟಿನವರೆಗೆ ಬಂದ. ನನ್ನ ಮುಖ ನೋಡಲಿಲ್ಲ. "ನಾನು ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಅಲ್ವಾ ಅಕ್ಕ? ಸತ್ಯ ಹೇಳಿದ್ದೇ ತಪ್ಪಾಯ್ತು" ಎಂದ.

ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಬರೆಯದಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ.

ಶಶಿಪ್ರಭಾ


ಮಣ್ಣಗುಡ್ಡ
9 ಅಕ್ಟೋಬರ್ 1988

ಪ್ರೀತಿಯ ಮನೋರಮಾ,

ಮೂರು ತಿಂಗಳಾಯಿತು. ಆಗಸ್ಟಿನಲ್ಲಿ ಪೆಟ್ಟಿಗೆ ಬಂತು. ಜೊತೆಗೆ ನೀನು ಟೈಪ್ ಮಾಡಿ ಕಳಿಸಿದ ನಿಯಮಗಳ ನಾಲ್ಕು ಪುಟ. ಡಾಕ್ಟರ ಹೆಸರಿಗೆ ಬಂದದ್ದು. ಅದರಲ್ಲಿ ನನಗೆ ಬೇರೆ ಚೀಟಿ ಉಂಟೋ ಎಂದು ಎರಡು ಸಲ ತಿರುವಿ ನೋಡಿದೆ.

ನಿನಗೆ ತಿಳಿಸಬೇಕಾದ ಒಂದು ಸಂಗತಿ. ಮೊನ್ನೆ ಬೆಳಿಗ್ಗೆ ಹತ್ತೂವರೆಗೆ ಉಳ್ಳಾಲದ ಹೆರಿಗೆ ಆಸ್ಪತ್ರೆಯವರು ಲೈನು ಕೇಳಿದರು. ನಮ್ಮ ಯಂತ್ರ ಫೋನ್ ಇಟ್ಟು, ತಾನೇ ಪುನಃ ಅವರಿಗೆ ಹಚ್ಚಿತು. ನಾನು ಕೋಣೆಯ ಹೊರಗೆ ನಿಂತು ಕೇಳುತ್ತಿದ್ದೆ. ಒಳಗೆ ಹೋಗುವ ಹಾಗಿಲ್ಲವಲ್ಲ. ಹತ್ತು ನಿಮಿಷದ ನಂತರ ಅಲ್ಲಿಯ ನರ್ಸು ನನಗೆ ಫೋನ್ ಮಾಡಿ ಅತ್ತಳು. ಬಾಣಂತಿಗೆ ರಕ್ತಸ್ರಾವ, ಓ ನೆಗೆಟಿವ್. ಪಟ್ಟಿಯಲ್ಲಿ ಮೂರೇ ಹೆಸರು. ವಿಲ್ಲಿ ಊರಲ್ಲಿಲ್ಲ, ಗುಣಪಾಲರು ಆಗಸ್ಟಿನಲ್ಲಿ ಕೊಟ್ಟವರು, ಇನ್ನೂ ಮೂರು ತಿಂಗಳಾಗಿಲ್ಲ. ಮೂರನೆಯವನ ಮನೆಗೆ ಫೋನಿಲ್ಲ. ಹೆಸರು ರವೂಫ್.

ರವೂಫ್ ಯಾರು ಗೊತ್ತುಂಟಾ? ಅಯ್ಯೂಬನ ತಮ್ಮ.

ಆಸ್ಪತ್ರೆಯಿಂದ ಯಾರನ್ನಾದರೂ ಕಳಿಸು ಎನ್ನಬಹುದಿತ್ತು. ಆದರೆ ಅವರ ಮನೆಯ ದಾರಿ ಗೊತ್ತಿದ್ದದ್ದು ನನಗೆ. ಸ್ಟ್ಯಾಂಡಿನಲ್ಲಿದ್ದ ಬಶೀರನ ರಿಕ್ಷಾದಲ್ಲಿ ಹೋದೆ. ನೇತ್ರಾವತಿ ನದಿಯ ಸಂಕ ದಾಟುವವರೆಗೂ ಎಂತ ಹೇಳಬೇಕೆಂದು ಜೋಡಿಸುತ್ತಿದ್ದೆ. ಅಂಗಳದಲ್ಲಿ ತಾಯಿ ಮೀನು ಒಣಗಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಜೋಡಿಸಿದ್ದೆಲ್ಲ ಹೋಯಿತು. "ಒಂದು ಹೆಣ್ಣು ಸಾಯ್ತಾ ಉಂಟು. ರವೂಫ್ ಇದ್ದಾನಾ?" ಎಂದೆ, ಅಷ್ಟೇ.

ಅವರು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆಂದುಕೊಂಡೆ. ರವೂಫ್ ಅಂಗಿ ಹಾಕಿಕೊಳ್ಳುತ್ತ ಹೊರಗೆ ಬಂದ. ರಿಕ್ಷಾ ಹತ್ತುವಾಗ ತಾಯಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ನೀವು ಕರೆದದ್ದಕ್ಕೆ ಕಳಿಸುವುದಲ್ಲ. ಆ ಹೆಣ್ಣಿಗಾಗಿ ಕಳಿಸುವುದು."

ಬಾಣಂತಿಯೂ ಮಗುವೂ ಉಳಿದರು. ರವೂಫನಿಗೆ ಕಿತ್ತಳೆ ಹಣ್ಣಿನ ರಸ ಕೊಟ್ಟು ಕೂರಿಸಿದೆ. ಅವನು ಹೋಗುವಾಗ, "ಅಣ್ಣನಿಗೆ ಕಾಸರಗೋಡಿನಲ್ಲಿ ಕೆಲಸ ಸಿಕ್ಕಿದೆ, ಊರು ಬಿಟ್ಟ" ಎಂದ. ಅದನ್ನು ಕೇಳಿ ಆಸ್ಪತ್ರೆಯ ಹಿಂದೆ ಹೋಗಿ ಕೂತೆ.

ಮರುದಿನ ಡಾಕ್ಟರು ಎಲ್ಲರ ಎದುರು, "ಮನೋರಮಾಳ ಯಂತ್ರ ಒಂದು ಜೀವ ಉಳಿಸಿತು" ಎಂದರು. ಪುನಃ ಉರಿಯಿತು ಮಾರಾಯ್ತಿ. ಇಷ್ಟೆಲ್ಲ ಆದ ಮೇಲೂ! ಇನ್ನು ಅದು ಹೋಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮುಚ್ಚಿಟ್ಟದ್ದರಿಂದ ಎಂತ ಆಯಿತೆಂದು ನೋಡಿಯಾಯಿತು, ಅದಕ್ಕೆ ನಿನಗೇ ಬರೆಯುತ್ತಿದ್ದೇನೆ.

ಶಶಿಯಕ್ಕ


ದಾದರ್
24 ಅಕ್ಟೋಬರ್ 1988

ಶಶಿಯಕ್ಕ,

ಕೋಪ ಹೋಗಿಲ್ಲ. ನಾಲ್ಕು ಕಾಗದ ಬರೆದು ಹರಿದೆ. ಕೊನೆಯದರಲ್ಲಿ ಬರೆದದ್ದು ನಿಮ್ಮ ಮೇಲಿನ ಕೋಪವೋ ನನ್ನ ಹೊಟ್ಟೆಕಿಚ್ಚೋ ನನಗೇ ತಿಳಿಯಲಿಲ್ಲ. ಮಾರ್ಚಿನಲ್ಲಿ ನಾನು ಯಂತ್ರದ ಎದುರು ಕೂತಿದ್ದಾಗ ಬಂದ ದಾನಿಗಳೆಲ್ಲ ಬಾಗಿಲಲ್ಲಿ, "ಶಶಿಯಕ್ಕ ಇಲ್ವಾ?" ಎಂದು ಕೇಳಿ, ನನ್ನನ್ನು ನೋಡಿ ಹಿಂದೆ ಹೋಗುತ್ತಿದ್ದರು. ಇಲ್ಲಿ ನಾನು ಸತ್ತರೂ ಯಾರೂ ಹಾಗೆ ಬಾಗಿಲಲ್ಲಿ ನಿಂತು ಕೇಳುವವರಿಲ್ಲ.

ನಿನ್ನೆ ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡಿದೆ. ರವೂಫನಂಥವರ ಮನೆಯ ದಾರಿ ಪಟ್ಟಿಯಲ್ಲಿಲ್ಲ. ಅದನ್ನು ಏರಿಸಬೇಕು, ದಿನಾ ತಿದ್ದುತ್ತಿರಬೇಕು, ಅದಕ್ಕೆ ಅಲ್ಲಿ ಒಬ್ಬರು ಜವಾಬ್ದಾರರು ಬೇಕು ಎಂದೆ. "ಯಾರು?" ಎಂದು ಕೇಳಿದರು. ಹೇಳಿದೆ. ನಿಮ್ಮ ಹೆಸರನ್ನೇ. ಆಮೇಲೆ, "ನಿನಗೆ ಧೈರ್ಯ ಉಂಟಾ?" ಎಂದರು. ಇಲ್ಲ ಎಂದೆ, ಆದರೂ ಕೊಡಿ ಎಂದೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಇಲ್ಲಿಂದ ಲೈನು ಹಿಡಿದು ನಿಮ್ಮ ಹೆಸರನ್ನು ಪುನಃ ಸೇರಿಸುತ್ತೇನೆ. ಆಗ ಯಂತ್ರದ ಎದುರು ಕೂತಿರಿ. ಹೊಸ ಪಾಸ್‌ವರ್ಡ್ ಕೇಳುತ್ತದೆ. ನೀವೇ ಯೋಚಿಸಿ ಒಂದು ಹೊಡೆಯಿರಿ.

ನನಗೂ ಹೇಳಬೇಡಿ.

ನಿಮ್ಮ
ಮನೋರಮಾ